ಎಂಟನೆಯ ಮನೆ

ಏಳು ಮನೆಗಳಿಗೆ ಮಾಡು ಹೊದಿಸಿ, ಬಾಗಿಲು ಕೂರಿಸಿ, ಬಣ್ಣವೂ ಒಣಗಿತ್ತು. ಎಂಟನೆಯದಕ್ಕೆ ಮಾತ್ರ ಗೋಡೆಗಳ ಮರದ ಚೌಕಟ್ಟು ಎದ್ದು ನಿಂತದ್ದಷ್ಟೇ. ಅದರ ಮೇಲೆ ಯಾರೂ ಕೈ ಹಾಕುತ್ತಿರಲಿಲ್ಲ. ಬೆಳಿಗ್ಗೆ ಸುತ್ತಿಗೆ ಹಿಡಿದು ಬರುವವರು ಮುಗಿದ ಕೆಲಸವನ್ನೇ ಇನ್ನೊಮ್ಮೆ ಮುಗಿಸುತ್ತಿದ್ದರು. ಡೋರೀನ್ ತನ್ನ ಅಡುಗೆಮನೆಯ ಕಪಾಟಿನ ಬಾಗಿಲನ್ನು ಬಿಚ್ಚುವುದು, ಕೂರಿಸುವುದು, ದೂರ ನಿಂತು ನೋಡಿ ಮತ್ತೆ ಬಿಚ್ಚುವುದು. ಇಡೀ ವಾರ ಅದೇ.

ನಿಯಮ ಹೀಗಿತ್ತು: ಎಂಟು ಕುಟುಂಬಗಳು ಸೇರಿ ಎಂಟು ಮನೆಗಳನ್ನೂ ಕಟ್ಟಬೇಕು, ಕೊನೆಯ ಮನೆ ಮುಗಿಯುವವರೆಗೆ ಮೊದಲ ಮನೆಯಲ್ಲೂ ಯಾರೂ ಸಂಸಾರ ಹೂಡುವಂತಿಲ್ಲ. ತನ್ನ ಮನೆ ಆದಮೇಲೆ ಮನುಷ್ಯ ಪಕ್ಕದವನ ಗೋಡೆ ಎತ್ತಲು ಬರುವುದಿಲ್ಲ ಎಂಬುದು ನಿಯಮ ಮಾಡಿದವರಿಗೆ ಗೊತ್ತಿತ್ತು. ಅವರಿಗೆ ಗೊತ್ತಿಲ್ಲದ್ದು ನಮ್ಮ ಹಾಬ್ಸ್ ಕ್ರೀಕಿನ ಜನ. ಒಬ್ಬನ ಮೇಲಿನ ಸಿಟ್ಟಿಗೆ ನಾವು ನಮ್ಮದೇ ಮನೆಯ ಹೊರಗೆ ಎಷ್ಟು ದಿನ ಬೇಕಾದರೂ ಕೂರಬಲ್ಲೆವು.

ಎಂಟನೆಯ ಮನೆ ಲೈಲ್‌ನದು. ಊರು ಸುಟ್ಟವನದು.

ಅವನು ಬೇಕೆಂದು ಸುಡಲಿಲ್ಲ, ಸರಿ. ಆಗಸ್ಟಿನ ಒಂದು ಬೆಳಿಗ್ಗೆ ಟ್ರೇಲರಿನಲ್ಲಿ ಹುಲ್ಲಿನ ಪಿಂಡಿ ಹೇರಿಕೊಂಡು ಘಟ್ಟ ಹತ್ತುತ್ತಿದ್ದ. ಟ್ರೇಲರನ್ನು ಗಾಡಿಗೆ ಕಾವಲಿಗೆಂದು ಬಿಗಿಯುವ ಸರಪಳಿ ಕೊಂಡಿಯಿಂದ ಕಳಚಿ ರಸ್ತೆಗೆ ಬಿದ್ದು ಉಜ್ಜಿಕೊಂಡೇ ಹೋಯಿತು. ಕಿಡಿ ಹಾರಿ ದಾರಿಯ ಪಕ್ಕದ ಒಣಹುಲ್ಲು ಹತ್ತಿಕೊಂಡಿತು. ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿತು, ಸಂಜೆಗೆ ಹಾಬ್ಸ್ ಕ್ರೀಕ್ ಇರಲಿಲ್ಲ. ಅಂಗಡಿ, ಚರ್ಚು, ಶಾಲೆ, ನಮ್ಮ ಮನೆ, ನಮ್ಮ ಸೇಬಿನ ಮರಗಳು, ಎಲ್ಲವೂ ಹೋದವು. ಡೋರೀನಳ ತಮ್ಮ ಗಸ್ ಕುದುರೆಗಳನ್ನು ಬಿಚ್ಚಿ ಬರುತ್ತೇನೆಂದು ಹಿಂದಕ್ಕೆ ಹೋದವನು ಕುದುರೆಗಳ ಜೊತೆಯೇ ಸಿಕ್ಕಿದ. ತನಿಖೆಯವರು ರಸ್ತೆಯ ಮೇಲಿನ ಗೀರುಗಳನ್ನು ಹುಡುಕುತ್ತಿದ್ದಾಗ ಲೈಲ್ ತಾನೇ ಹೋಗಿ, ಸರಪಳಿ ನನ್ನದು, ಸಿಕ್ಕಿಸೋದು ಮರೆತಿದ್ದೆ ಎಂದು ಹೇಳಿಕೊಂಡನಂತೆ. ಅವರು ಅಚಾತುರ್ಯ ಎಂದು ಬರೆದುಕೊಂಡು ಕೈ ತೊಳೆದುಕೊಂಡರು. ಊರು ತೊಳೆದುಕೊಳ್ಳಲಿಲ್ಲ.

ಬೂದಿ ಆರುವ ಮೊದಲೇ ಫೋನುಗಳು ಬರತೊಡಗಿದವು. ನಿಮ್ಮ ಜಾಗ ಮಾರುತ್ತೀರಾ, ನೀವು ಬಂದು ನೋಡುವುದೂ ಬೇಡ, ಕೂತಲ್ಲೇ ದುಡ್ಡು. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಎಲ್ಲ ಕಡೆಯೂ ಇರುತ್ತಾರೆ. ನಮ್ಮಲ್ಲಿಗೆ ಬಂದವರ ದನಿ ಮಾತ್ರ ಬಹಳ ಮೆತ್ತಗಿತ್ತು. ಹಿಂದೊಮ್ಮೆ ಕೆರೆಯ ಆಚೆಯ ಊರಿಗೆ ಬೆಂಕಿ ಬಿದ್ದ ಮೇಲೆ ಅಲ್ಲಿ ಏನೆದ್ದಿತು ಎಂದು ನಾವೆಲ್ಲ ನೋಡಿದ್ದೆವು. ಬೇಸಗೆಯಲ್ಲಿ ಎರಡು ವಾರ ದೀಪ ಹತ್ತುವ ಗಾಜಿನ ಬಂಗಲೆಗಳು, ಮಿಕ್ಕ ದಿನವೆಲ್ಲ ಬೀಗ. ಅಲ್ಲಿನ ಜನ ಈಗ ಎಲ್ಲಿದ್ದಾರೆ ಎಂದು ಅವರ ನೆಂಟರಿಗೂ ಸರಿಯಾಗಿ ಗೊತ್ತಿಲ್ಲ.

ಹಾಗಾಗಿ ಟ್ರಸ್ಟು ಬಂತು. ಸುಟ್ಟ ಜಾಗಗಳನ್ನು ಅದು ಕೊಳ್ಳುತ್ತದೆ. ನೆಲ ಎಂದೆಂದಿಗೂ ಟ್ರಸ್ಟಿನದು, ಅಂದರೆ ಊರಿನದು. ಅದರ ಮೇಲೆ ಕಟ್ಟಿದ ಮನೆ ನಮ್ಮದು. ನೆಲವನ್ನು ತೊಂಬತ್ತೊಂಬತ್ತು ವರ್ಷ ಗೇಣಿಗೆ ಕೊಡುತ್ತಾರೆ. ಮನೆ ಮಾರಬಹುದು, ಆದರೆ ಬಾಯಿಗೆ ಬಂದ ಬೆಲೆಗೆ ಅಲ್ಲ, ನಮ್ಮಂಥವರಿಗೆ ಎಟಕುವ ಬೆಲೆಗೆ. ಕೇಳಿದಾಗ ನಮ್ಮವರು ನಕ್ಕರು. ಅಜ್ಜನ ಕಾಲದ ಸ್ವಂತ ನೆಲ ಬಿಟ್ಟು ಗೇಣಿದಾರರಾಗಬೇಕೇ ಎಂದರು. ನನ್ನ ಗಂಡ ಆರಿನ್ ಮೂಗಿನ ಆಕ್ಸಿಜನ್ ಕೊಳವೆ ಸರಿಮಾಡಿಕೊಂಡು, "ತೊಂಬತ್ತೊಂಬತ್ತು ವರ್ಷ ಯಾರಿಗೆ ಬೇಕು? ನನಗೆ ತೊಂಬತ್ತೊಂಬತ್ತು ದಿನ ಕೊಡ್ತಾರಾ ಕೇಳು," ಎಂದ. ಎಲ್ಲರೂ ಮತ್ತೆ ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಒಪ್ಪಿದರು. ಊರಿನಲ್ಲಿ ಆರಿನ್ ಆಡಿದ ಮಾತು ಹಾಗೆ ನಡೆಯುತ್ತಿತ್ತು.

ಅವನು ನಮ್ಮ ಊರಿನ ಬೆಂಕಿ ಆರಿಸುವ ಸ್ವಯಂಸೇವಕ ಪಡೆಯ ಮುಖ್ಯಸ್ಥ. ಆ ಬೆಂಕಿಯಲ್ಲಿ ನಾಲ್ಕು ದಿನ ನಿದ್ದೆ ಮಾಡದೆ ಹೊಗೆ ಕುಡಿದ. ಬೇರೆಯವರು ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಸರದಿಯಲ್ಲಿ ಹಿಂದೆ ಬಂದರು. ಇವನು ಬಾ ಎಂದರೂ ಬರಲಿಲ್ಲ. ಯಾಕಿಷ್ಟು ಹಟ ಎಂದು ಆಗ ನನಗೆ ಅರ್ಥವಾಗಲಿಲ್ಲ. ಮನೆಗೆ ಮಾರಿ ಊರಿಗೆ ಉಪಕಾರಿ ಎಂದು ಬೈದುಕೊಂಡೆ. ಮದುವೆಯಾದಾಗಿನಿಂದ ಅವನು ಹಾಗೆಯೇ. ಅವನ ಪಿಕಪ್ಪಿನ ಸೀಟಿನ ಹಿಂದೆ ಹುಲ್ಲಿನ ಪಿಂಡಿ ಕಟ್ಟುವ ತಂತಿಯ ಸುರುಳಿ ಯಾವಾಗಲೂ ಇರುತ್ತಿತ್ತು. ಯಾರದೇ ಗೇಟು ಜೋಲಲಿ, ಸೈಲೆನ್ಸರ್ ಕಳಚಲಿ, ಇಳಿದು ತಂತಿ ಸುತ್ತಿ ಇಕ್ಕಳದಿಂದ ತಿರುಪಿ, ಎರಡು ಸಲ ತಟ್ಟಿ, ನಿನ್ನ ಕಾಲಕ್ಕಾಗುತ್ತೆ ಹೋಗು ಎನ್ನುತ್ತಿದ್ದ. ನಮ್ಮ ಕಡೆ ಮುರಿದದ್ದಕ್ಕೆಲ್ಲ ಅದೇ ಮದ್ದು. ಹೊಸದು ತರಲು ಘಟ್ಟ ಇಳಿದು ಪೇಟೆಗೆ ಹೋದವನನ್ನು ನಾವು ಕೈಲಾಗದವನು ಎಂದು ಆಡಿಕೊಳ್ಳುತ್ತೇವೆ.

ಬೆಂಕಿಯಾದ ಮೇಲೆ ನಾವಿಬ್ಬರೂ ಜಾನುವಾರು ಪ್ರದರ್ಶನದ ಮೈದಾನದಲ್ಲಿ, ಸರ್ಕಾರ ತಂದು ನಿಲ್ಲಿಸಿದ ಟ್ರೇಲರ್ ಮನೆಯಲ್ಲಿದ್ದೆವು. ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕು, ಅಷ್ಟು ಜಾಗ. ಚಳಿಗಾಲದಲ್ಲಿ ಗೋಡೆಯ ಒಳಗೇ ನೀರಿಳಿಯುತ್ತಿತ್ತು. ಆರಿನ್‌ನ ಎದೆ ದಿನದಿನಕ್ಕೆ ಬಿಗಿಯುತ್ತ ಹೋಯಿತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಮುಂದಿನ ಬೇಸಗೆ ಕಾಣುವುದು ಕಷ್ಟ ಎಂದಿದ್ದರು. ನನಗೆ ಬೇಕಾಗಿದ್ದದ್ದು ಒಂದೇ: ಅವನು ಮೂರನೆಯ ಮನೆಯ, ನಮ್ಮ ಮನೆಯ ಜಗಲಿಯಲ್ಲಿ ಕೂತು ಒಂದು ಬೆಳಿಗ್ಗೆ ಕಾಫಿ ಕುಡಿಯಬೇಕು. ಆ ಜಗಲಿಯ ಹಲಗೆಗಳನ್ನು ನಾನೇ ಹೊಡೆದಿದ್ದೆ. ಅವನ ಕುರ್ಚಿಗೆಂದು ಕಂಬಗಳ ನಡುವೆ ಒಂದು ಮೊಳ ಹೆಚ್ಚು ಅಗಲ ಬಿಡಿಸಿದ್ದೆ.

ಮನೆ ತಯಾರಿತ್ತು. ಬಾಗಿಲ ಕೀಲಿ ಟ್ರಸ್ಟಿನ ಕೆಲಸ ನೋಡಿಕೊಳ್ಳುವ ಮರಿಸೋಲ್‌ಳ ಸೊಂಟದಲ್ಲಿ ತೂಗುತ್ತಿತ್ತು. ನಡುವೆ ಅಡ್ಡ ನಿಂತದ್ದು ಲೈಲ್‌ನ ಚೌಕಟ್ಟು.

ಲೈಲ್‌ಗೆ ಮನೆ ಕೊಟ್ಟದ್ದೇ ತಪ್ಪು ಎಂದು ಡೋರೀನ್ ಮೊದಲ ದಿನವೇ ಜಗಳ ತೆಗೆದಿದ್ದಳು. ಅವನು ಜನ್ಮದಲ್ಲಿ ಒಂದಡಿ ನೆಲ ಕಂಡವನಲ್ಲ, ಹಳ್ಳದ ಪಕ್ಕದಲ್ಲಿ ಬಾಡಿಗೆಗೆ ಇದ್ದವನು. ಮರಿಸೋಲ್ ತಾಳ್ಮೆಯಿಂದಲೇ ಹೇಳಿದಳು: "ಬೆಂಕಿಗೆ ಮುಂಚೆ ಇಲ್ಲಿದ್ದವರಿಗೆ ಅಂತ ನಿಯಮ ಇದೆ. ನಮಗೆ ಬೇಕಾದವರಿಗೆ ಅಂತ ಇಲ್ಲ." ಡೋರೀನಳ ಉತ್ತರ ಕೆಲಸದಲ್ಲಿ ಕಾಣಿಸಿತು: ಎಂಟನೆಯ ಮನೆಗೆ ಅವಳು ಕೈ ಹಾಕಲಿಲ್ಲ. ಅವಳ ಹಿಂದೆ ಉಳಿದವರೂ ಹೋದರು. ಸುಳ್ಳೇಕೆ, ನಾನೂ ಹೋದೆ. ಲೈಲ್ ಎಲ್ಲರ ಮನೆಗೂ ದುಡಿದ. ನಮ್ಮ ಮಾಡಿನ ತಗಡಿನಲ್ಲಿ ಅರ್ಧ ಅವನು ಕೂರಿಸಿದ್ದು. ಕೆಂಡ ಒಳಗೆ ನುಗ್ಗದಂತೆ ಸೂರಿನಡಿ ಹೊಡೆಯುವ ಸಣ್ಣ ಕಣ್ಣಿನ ಬಲೆಯನ್ನು ಎಂಟೂ ಮನೆಗೆ ಅವನೇ ಕತ್ತರಿಸಿಟ್ಟಿದ್ದ. ಯಾರೂ ಅವನೊಂದಿಗೆ ಊಟದ ಡಬ್ಬಿ ಬಿಚ್ಚುತ್ತಿರಲಿಲ್ಲ. ಅವನು ಮರದ ದಿಮ್ಮಿಗಳ ರಾಶಿಯ ಆಚೆ ಕೂತು ತಿಂದು, ಕೈ ಒರೆಸಿಕೊಂಡು ಮತ್ತೆ ಬರುತ್ತಿದ್ದ. ಎತ್ತರದ, ಬಾಗಿದ ಬೆನ್ನಿನ, ಮಾತಿಲ್ಲದ ಆಸಾಮಿ.

ಬೆಂಕಿಯಾದ ಎರಡನೆಯ ಚಳಿಗಾಲ, ಜನವರಿಯಲ್ಲಿ ಮರಿಸೋಲ್ ಎಲ್ಲರನ್ನೂ ಮೈದಾನದ ಕುರಿಗಳ ದೊಡ್ಡಿಯಲ್ಲಿ ಸೇರಿಸಿದಳು. ಬೆಚ್ಚಗಿದ್ದದ್ದು ಅದೊಂದೇ ಜಾಗ. ಅವಳ ಮುಖ ಸೋತಿತ್ತು. ನಿಯಮ ಬಿಡಬೇಕಾದರೆ ಎಂಟೂ ಮನೆಯವರು ಒಪ್ಪಬೇಕು, ಒಬ್ಬರು ಬೇಡವೆಂದರೂ ಆಗದು. ಒಪ್ಪಿದರೆ ಮುಗಿದ ಮನೆಗಳಿಗೆ ನಾಳೆಯೇ ಹೋಗಬಹುದು ಎಂದಳು. ಇದು ಯಾರಿಗಾಗಿ ಎಂದು ಅವಳು ಹೇಳಲಿಲ್ಲ. ಎಲ್ಲರೂ ಆರಿನ್‌ನ ಸಿಲಿಂಡರ್ ಕಡೆ ನೋಡಿದರು.

ಮೊದಲು ಕೈ ಎತ್ತಿದವನು ಲೈಲ್.

"ನನ್ನ ದೆಸೆಯಿಂದ ಯಾರೂ ಹೊರಗೆ ಕೂರೋದು ಬೇಡ," ಎಂದ. ಆ ವರ್ಷವೆಲ್ಲ ಅವನು ಸಭೆಯಲ್ಲಿ ಆಡಿದ ಮಾತು ಅಷ್ಟೇ.

ಡೋರೀನ್ ಎತ್ತಿದಳು. ಒಬ್ಬೊಬ್ಬರಾಗಿ ಉಳಿದವರು ಎತ್ತಿದರು. ನಮ್ಮ ಮನೆಯ ಪರವಾಗಿ ಆರಿನ್ ಎತ್ತಬೇಕಿತ್ತು. ಅವನ ಕೈ ತೊಡೆಯ ಮೇಲಿತ್ತು. ಕೇಳಿಸಿಲ್ಲವೇನೋ ಎಂದು ನಾನು ಮೊಣಕೈ ತಿವಿದೆ. ಅವನು ನನ್ನನ್ನು ನೋಡಲೂ ಇಲ್ಲ. "ನಾನು ಒಪ್ಪಲ್ಲ," ಎಂದ, ಉಸಿರು ಎಳೆದುಕೊಂಡು ಇನ್ನೊಮ್ಮೆ ಅಂದ. ಲೈಲ್ ಎದ್ದು ಹೊರಗೆ ಹೋದ.

ಟ್ರೇಲರಿಗೆ ಬಂದು ಬಾಗಿಲು ಹಾಕಿದ ಮೇಲೆ ನಾನು ಬಾಯಿ ಬಿಟ್ಟೆ.

"ಯಾಕೆ? ಹೇಳು. ನನಗೊಂದು ಕಾರಣ ಹೇಳು."

"ಬೆಂಕಿಯಿಂದ ವಾಪಸ್ ಬರೋವಾಗ ಕೊನೆಯವನು ಗಾಡಿ ಹತ್ತೋವರೆಗೆ ನಾವು ಹೊರಡಲ್ಲ, ವರ್ನಾ."

"ಇದು ಬೆಂಕಿಯಲ್ಲ. ಮನೆ."

"ನಾವು ಒಳಗೆ ಹೋದ ಮಾರನೇ ದಿನದಿಂದ ಅವನ ಮನೆಗೆ ಒಂದು ಮೊಳೆ ಬೀಳಲ್ಲ. ನಿನಗೂ ಗೊತ್ತು, ನನಗೂ ಗೊತ್ತು."

"ಬೀಳದಿದ್ರೆ ಬೇಡ. ಅವನೇನು ನಿನ್ನ ಸೋದರಮಾವನೋ, ಹೊಟ್ಟೇಲಿ ಹುಟ್ಟಿದ ಮಗನೋ? ಗಸ್‌ನ ಎಲುಬು ಆಯ್ದವನು ನೀನೇ ತಾನೇ? ಮರೆತುಹೋಯ್ತಾ?"

ಅವನು ಬಹಳ ಹೊತ್ತು ಕೆಮ್ಮಿದ. ಕೆಮ್ಮು ನಿಂತ ಮೇಲೂ ಕೆಮ್ಮುವವನ ಹಾಗೆ ತಲೆ ತಗ್ಗಿಸಿಕೊಂಡೇ ಇದ್ದ.

"ಈ ಘಟ್ಟದಲ್ಲಿ ಸರಪಳಿ ಎಳ್ಕೊಂಡು ಹೋಗದ ಗಾಡಿ ಯಾವುದಿದೆ ಹೇಳು," ಎಂದ ಕೊನೆಗೆ. "ಅವನ ಮನೆ ಮುಗೀಲಿ. ಆಮೇಲೆ ಎಲ್ಲಿ ಕೂರು ಅಂತೀಯೋ ಅಲ್ಲಿ ಕೂರ್ತೀನಿ."

ನಾನು ಆ ದಿನ ಅವನಿಗೆ ಸೂಪು ಬಿಸಿ ಮಾಡಿ ಕೊಟ್ಟೆ, ಮಾತು ಕೊಡಲಿಲ್ಲ. ಒಳ್ಳೆಯವನ ಹೆಂಡತಿಯಾಗುವುದೆಂದರೆ ಏನೆಂದು ಗೊತ್ತಿಲ್ಲದವರು ನನ್ನ ಅದೃಷ್ಟ ಹೊಗಳುತ್ತಾರೆ. ಅವನ ಒಳ್ಳೆಯತನದ ಬಿಲ್ಲು ಯಾವಾಗಲೂ ನನ್ನ ಮುಂದೆ ಬರುತ್ತಿತ್ತು. ಇದನ್ನು ಕಟ್ಟುವುದಕ್ಕೂ ನಾನೇ ಹೋಗಬೇಕಾಯಿತು. ಮಾರನೆಯ ಬೆಳಿಗ್ಗೆ ಸುತ್ತಿಗೆ ತೆಗೆದುಕೊಂಡು ಎಂಟನೆಯ ಮನೆಗೆ ನಡೆದೆ.

ಲೈಲ್ ಒಬ್ಬನೇ ಹಲಗೆಯ ಒಂದು ತುದಿಯನ್ನು ಮರ ಕೊಯ್ಯುವ ಕವಲುಗಾಲಿನ ಸ್ಟ್ಯಾಂಡಿನ ಮೇಲಿಟ್ಟು ಇನ್ನೊಂದು ತುದಿಗೆ ಓಡುತ್ತಿದ್ದ. ನಾನು ಹೋಗಿ ಹಿಡಿದೆ. ಅವನು ಕತ್ತರಿಸಬೇಕಾದ ಕಡೆ ಪೆನ್ಸಿಲಿನಲ್ಲಿ ಗೆರೆ ಎಳೆದ. ಹಾಗೆ ಶುರುವಾಯಿತು. ಅವನ ಮೇಲಿನ ಸಿಟ್ಟು ಕಡಿಮೆಯಾಯಿತು ಎಂದು ಯಾರೂ ತಿಳಿಯಬಾರದು. ಪ್ರತಿ ಮೊಳೆಗೂ ಒಂದೊಂದು ಬೈಗುಳ ಸೇರಿಸಿಯೇ ಹೊಡೆದೆ. ನನ್ನ ಗಂಡ ಜಗಲಿಗೆ ಬರಬೇಕಿತ್ತು, ಅದಕ್ಕೆ ಈ ಗೋಡೆ ಏಳಬೇಕಿತ್ತು. ಸೇತುವೆ ಚೆಂದವಿದೆಯೋ ಇಲ್ಲವೋ ಎಂದು ನೋಡುತ್ತ ಯಾರೂ ಹೊಳೆ ದಾಟುವುದಿಲ್ಲ.

ಡೋರೀನ್ ಹಾದಿಯಲ್ಲಿ ನಿಂತು ನೋಡಿದಳು.

"ಏನ್ ವರ್ನಾ, ಅವನಿಗೆ ಮನೆ ಕಟ್ಟಿಕೊಡ್ತಾ ಇದೀಯಾ? ಹಾಗೇ ಒಂದು ಬೆಂಕಿಪೊಟ್ಟಣಾನೂ ಕೊಟ್ಟುಬಿಡು, ಗೃಹಪ್ರವೇಶಕ್ಕೆ ಆಗುತ್ತೆ."

"ನೀನೊಂದು ಕೈ ಹಾಕಿದ್ರೆ ಬೇಗ ಮುಗಿಯುತ್ತೆ ಕಣೇ. ಆರಿನ್‌ಗೋಸ್ಕರ."

"ಆರಿನ್ ಕೇಳಿದ್ರೆ ಪ್ರಾಣ ಕೊಡ್ತೀನಿ," ಎಂದಳು. "ಇದೊಂದು ಕೇಳಬೇಡ."

ಅವಳ ಕಣ್ಣಲ್ಲಿ ನೀರಿತ್ತು. ಅವಳದು ನಾಟಕವಲ್ಲ. ಅದೇ ಕಷ್ಟ.

ಇಬ್ಬರೇ ಕಟ್ಟುವ ಮನೆ ಬೇಗ ಏಳುವುದಿಲ್ಲ. ಹಿಮ ಬಿದ್ದಾಗ ನಿಲ್ಲುತ್ತಿತ್ತು, ಕರಗಿದರೆ ಕೆಸರು. ಮರಿಸೋಲ್ ವಾರಕ್ಕೊಮ್ಮೆ ಬಂದು ಕೈಜೋಡಿಸುತ್ತಿದ್ದಳು. ಮೈ ಹಗುರವಿದ್ದ ದಿನ ಆರಿನ್‌ನನ್ನು ಪಿಕಪ್ಪಿನಲ್ಲಿ ಕೂರಿಸಿ ಕರೆತರುತ್ತಿದ್ದೆ. ಅವನು ಗಾಜು ಇಳಿಸಿಕೊಂಡು ನಮ್ಮಿಬ್ಬರ ಕೆಲಸ ನೋಡುತ್ತಿದ್ದ. ಲೈಲ್ ಆಗಾಗ ಹೋಗಿ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದ. ಇಬ್ಬರೂ ಹೆಚ್ಚು ಮಾತಾಡಿದ್ದು ನಾನು ಕಾಣೆ. ಒಂದು ದಿನ, ಇಷ್ಟು ದೂರ ಬಂದಿದ್ದೀಯ, ನಮ್ಮ ಜಗಲಿಯಲ್ಲಿ ಐದು ನಿಮಿಷ ಕೂತು ಹೋಗು, ಯಾರು ಕೇಳುತ್ತಾರೆ ಎಂದೆ. ಬರಲಿಲ್ಲ. ಎಲ್ಲರ ಜೊತೆ, ಎಂದ. ನಾನು ಗಾಡಿಯ ಬಾಗಿಲನ್ನು ಜೋರಾಗಿ ಹಾಕಿದೆ.

ಮಾರ್ಚಿನಲ್ಲಿ ಅವನು ಹೋದ. ಟ್ರೇಲರಿನಲ್ಲಿ, ನೀರಿಳಿಯುವ ಗೋಡೆಗೆ ಮುಖ ಮಾಡಿ. ಎಂಟನೆಯ ಮನೆಗೆ ಇನ್ನೂ ಕಿಟಕಿಗಳಿರಲಿಲ್ಲ.

ಊರಿಗೆ ಊರೇ ಸೇರಿತು. ಬೇರೆ ಊರುಗಳ ಬೆಂಕಿ ಆರಿಸುವ ಗಾಡಿಗಳು ಸಾಲಾಗಿ ಬಂದು ಸೈರನ್ ಕೂಗಿಸಿದವು. ನನ್ನ ಟ್ರೇಲರಿನಲ್ಲಿ ಕಾಲಿಡಲು ಜಾಗವಿಲ್ಲದಂತೆ ಚೀಸು ಹಾಕಿ ಬೇಯಿಸಿದ ಆಲೂಗಡ್ಡೆಯ ಟ್ರೇಗಳು, ಹಂದಿಮಾಂಸ, ಸೇಬಿನ ಸಿಹಿ ಬಂದು ಕೂತವು. ಒಂದು ಸುತ್ತಿಗೆ ಎತ್ತದ ಕೈಗಳು ಅಷ್ಟು ದೊಡ್ಡ ಟ್ರೇ ಹೇಗೆ ಎತ್ತಿದವೋ. ಲೈಲ್ ಸ್ಮಶಾನದ ಬೇಲಿಯ ಹೊರಗೆ ನಿಂತಿದ್ದ.

ಮಾರನೆಯ ವಾರ ಡೋರೀನ್ ಬೆಲ್ಟಿಗೆ ಸುತ್ತಿಗೆ ಸಿಕ್ಕಿಸಿಕೊಂಡು ಎಂಟನೆಯ ಮನೆಗೆ ಬಂದಳು. ಅವಳ ಹಿಂದೆ ಎಲ್ಲರೂ. ಆರಿನ್‌ನ ಕೊನೆಯ ಆಸೆ, ನಡೆಸಿಕೊಡಬೇಕು ಎಂದರು. ಲೈಲ್‌ನ ಮುಖ ನೋಡದೆ, ಅವನನ್ನು ಕಂಬದ ಹಾಗೆ ಸುತ್ತಿ ಬಳಸಿ ಓಡಾಡುತ್ತ, ಕಿಟಕಿ ಕೂರಿಸಿದರು, ತಗಡು ಹೊದಿಸಿದರು, ಹಲಗೆ ಹೊಡೆದರು. ಹಾಡು ಬೇರೆ. ಎರಡೇ ವಾರದಲ್ಲಿ ಮನೆ ನಿಂತಿತು. ಆರಿನ್ ಉಸಿರಾಡುತ್ತಿದ್ದಾಗ ಬಾರದ ಎರಡು ವಾರ ಸತ್ತ ಕೂಡಲೇ ಎಲ್ಲಿಂದ ಬಂತು ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಸುತ್ತಿಗೆಯಿಂದಲೇ ಕೇಳುತ್ತಿದ್ದೆ.

ಕೊನೆಯ ದಿನ ಉಳಿದದ್ದು ಸಣ್ಣಪುಟ್ಟ ಕೆಲಸ. ಎಲ್ಲರೂ ಊಟಕ್ಕೆ ಹೋಗಿದ್ದರು. ಲೈಲ್‌ನ ಮನೆಯ ಮಳೆನೀರಿನ ದೋಣಿಯನ್ನು ಸೂರಿಗೆ ಹಿಡಿದಿಡುವ ಒಂದು ಕಬ್ಬಿಣದ ಹಿಡಿ ಕಳಚಿ ಜೋತಿತ್ತು. ನಾನು ಪಿಕಪ್ಪಿನ ಸೀಟಿನ ಹಿಂದಿನಿಂದ ಆರಿನ್‌ನ ತಂತಿ ಸುರುಳಿ ತಂದು, ಏಣಿ ಹತ್ತಿ ಸುತ್ತತೊಡಗಿದೆ.

"ತಂತಿ ಬೇಡ," ಎಂದ ಲೈಲ್ ಕೆಳಗಿನಿಂದ.

"ಸದ್ಯಕ್ಕೆ ಇರಲಿ."

"ಬೇಡ ಅಂದೆ, ವರ್ನಾ. ನಾನು ಪೇಟೆಗೆ ಹೋಗಿ ಹಿಡಿ ತರ್ತೀನಿ."

ಒಂದು ಹಿಡಿಗೆ ಪೇಟೆಗೆ ಹೋಗುತ್ತಾನಂತೆ. ನನಗೆ ನಗು ಬಂತು. ಸತ್ತವನ ತಂತಿ ಅಂತ ಹೇಸಿಗೆಯೇ ಎಂದು ಕೇಳಿದೆ. ಅವನು ಸುರುಳಿಗಾಗಿ ಮೇಲಕ್ಕೆ ಕೈ ಚಾಚಿದ. ನಾನು ಇಳಿದೆ. ಅವನ ಮುಖ ನೋಡಿದ ಮೇಲೆ ಬಿಡಲಿಲ್ಲ, ಕೆದಕಿ ಕೆದಕಿ ಕೇಳಿದೆ.

ಆ ಆಗಸ್ಟಿನ ಬೆಳಿಗ್ಗೆ ಅಂಗಡಿಯ ಮುಂದೆ ಪೆಟ್ರೋಲು ಹಾಕಿಸುವಾಗ ಅವನ ಟ್ರೇಲರಿನ ಸರಪಳಿಯ ಕೊಕ್ಕೆ ಮುರಿದಿತ್ತಂತೆ. ಹುಲ್ಲನ್ನು ಅಲ್ಲೇ ಇಳಿಸಿ, ಪೇಟೆಗೆ ಹೋಗಿ ಹೊಸ ಕೊಕ್ಕೆ ತರುತ್ತೇನೆಂದು ಹೊರಟಿದ್ದನಂತೆ. ಅಷ್ಟರಲ್ಲಿ ಆರಿನ್ ಬಂದ. ಒಂದು ಕೊಕ್ಕೆಗೆ ಘಟ್ಟ ಇಳಿಯುತ್ತೀಯಾ ಎಂದು ನಕ್ಕ. ತಂತಿ ತೆಗೆದ, ಸುತ್ತಿದ, ತಿರುಪಿದ, ಎರಡು ಸಲ ತಟ್ಟಿದ.

"ನಿನ್ನ ಕಾಲಕ್ಕಾಗುತ್ತೆ ಹೋಗು ಅಂದ," ಎಂದ ಲೈಲ್.

ನಾನು ಏಣಿಯ ಮೆಟ್ಟಿಲ ಮೇಲೆ ಕೂತೆ. ಯಾಕೆ ಯಾರಿಗೂ ಹೇಳಲಿಲ್ಲ ಎಂದು ಕೇಳಿದೆ.

"ಬೆಂಕಿ ಆರಿದ ಮೇಲೆ ಅವನೇ ಹೇಳ್ತೀನಿ ಅಂತ ಆಸ್ಪತ್ರೆಯಿಂದ ನನ್ನ ಹತ್ತಿರ ಬಂದ. ನಾನು ಬೇಡ ಅಂದೆ. ಹೇಗೂ ನನ್ನನ್ನ ಬೈತಾ ಇದಾರೆ, ಇಬ್ಬರನ್ನ ಬಯ್ಯೋ ತೊಂದರೆ ಊರಿಗ್ಯಾಕೆ? ಅವನು ಆ ಬೆಂಕೀಲಿ ಏನು ಮಾಡಿದ ಅಂತ ನಾನು ನೋಡಿದೀನಿ." ಸುರುಳಿಯನ್ನು ನನ್ನ ಕೈಯಿಂದ ತೆಗೆದು ನೆಲದ ಮೇಲಿಟ್ಟ. "ಒಂದು ಸಲ ಬೇಡ ಅಂದೆ. ಅವನು ಎರಡನೇ ಸಲ ಕೇಳಲಿಲ್ಲ."

ಅದನ್ನು ಹೇಳುವಾಗ ಅವನ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ನಾಲ್ಕು ದಿನದ ಹೊಗೆ, ಎತ್ತದ ಕೈ, ಕೆಮ್ಮು ನಿಂತ ಮೇಲೂ ತಗ್ಗಿದ ತಲೆ, ಎಲ್ಲವೂ ಒಂದೊಂದಾಗಿ ಬಂದು ಎದುರು ನಿಂತವು. ಪ್ರಾಣ ತೆತ್ತಾದರೂ ಸಾಲ ತೀರಿಸುತ್ತೇನೆಂದು ಹೊರಟಿದ್ದ ಗಂಡಸು, ಅದನ್ನು ತೀರಿಸಬಹುದಾಗಿದ್ದ ಒಂದು ಮಾತನ್ನು ಮಾತ್ರ ಆಡಲಿಲ್ಲ. ಪ್ರಾಣ ಅವನಿಗೆ ಹಗುರವಾಗಿತ್ತು, ಹೆಸರು ಹಗುರವಾಗಲಿಲ್ಲ. ಆ ಹೆಸರಿನ ನೆರಳಲ್ಲಿ ಇನ್ನೊಬ್ಬ ಮನುಷ್ಯ ದಿಮ್ಮಿಗಳ ಹಿಂದೆ ಕೂತು ಒಬ್ಬನೇ ತಿಂದ. ನಾನು ಅತ್ತೆ. ಗಂಡ ಸತ್ತ ದಿನ ಅಳದಷ್ಟು ಅತ್ತೆ, ಮತ್ತು ಅದು ಅವನಿಗಾಗಿ ಅಲ್ಲ.

ಎಲ್ಲರೂ ಒಟ್ಟಿಗೆ ಮನೆ ಸೇರುವ ದಿನ ಮೇ ತಿಂಗಳ ಒಳ್ಳೆಯ ಬಿಸಿಲಿತ್ತು. ಎಂಟು ಮನೆಗಳ ನಡುವೆ ಟ್ರಸ್ಟು ಊರಿಗೆಂದು ಬಿಟ್ಟ ಬಯಲಿನಲ್ಲಿ ಉದ್ದನೆಯ ಮೇಜು ಹಾಕಿ ಮಾಂಸ ಸುಡುತ್ತಿದ್ದರು. ಒಂದು ಬೆಂಚು ಮಾಡಿಸಿದ್ದರು, ಅದರ ಬೆನ್ನಿಗೆ ಹಿತ್ತಾಳೆಯ ಫಲಕ: ಆರಿನ್‌ನ ಹೆಸರು, ಕೆಳಗೆ "ಕೊನೆಯವನು ಬರುವವರೆಗೆ ನಿಂತವನು." ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಡೋರೀನ್ ಭಾಷಣ ಮಾಡಿದಳು. ಈ ನೆಲ ಯಾರೂ ಮಾರಲಾಗದ ನೆಲ, ಇದನ್ನು ಉಳಿಸಿಕೊಟ್ಟವನು ಆರಿನ್ ಎಂದಳು. ಕೆಲವರು ಉಳಿಸುತ್ತಾರೆ, ಕೆಲವರು ಸುಡುತ್ತಾರೆ, ಸುಟ್ಟವರಿಗೂ ಮನೆ ಕೊಡುವಷ್ಟು ದೊಡ್ಡ ಮನಸ್ಸು ಅವನದು ಎಂದಾಗ ಎಲ್ಲರ ಕತ್ತು ಹಿಂದಕ್ಕೆ ತಿರುಗಿತು. ಲೈಲ್ ತಟ್ಟೆ ಹಿಡಿದು ಬಯಲಿನ ಅಂಚಿನಲ್ಲಿ ನಿಂತಿದ್ದ.

ನಾನು ಎದ್ದು ನಿಂತೆ. ನನಗೆ ಭಾಷಣ ಬರುವುದಿಲ್ಲ. ಆ ಬೆಳಿಗ್ಗೆ ಸರಪಳಿ ಕಟ್ಟಿದವನು ನನ್ನ ಗಂಡ, ಪೇಟೆಗೆ ಹೊರಟವನನ್ನು ತಡೆದವನು ನನ್ನ ಗಂಡ, ಲೈಲ್ ಇಷ್ಟು ದಿನ ಹೊತ್ತದ್ದು ಆರಿನ್‌ನ ಪಾಲನ್ನೂ ಸೇರಿಸಿ ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಹೇಳಿ ಮುಗಿಸಿದಾಗ ಮಾಂಸದ ಕೊಬ್ಬು ಕೆಂಡಕ್ಕೆ ಬಿದ್ದು ಚಿಟಚಿಟ ಎನ್ನುವುದು ಕೇಳಿಸುತ್ತಿತ್ತು.

ಡೋರೀನ್ ನನ್ನ ಮೇಲೆ ರೇಗಿದ್ದರೆ ಚೆನ್ನಾಗಿತ್ತು. ಅವಳು ಬಂದು ತಬ್ಬಿಕೊಂಡಳು. "ಪಾಪ, ಇವಳಿಗೆ ನಿದ್ದೆ ಇಲ್ಲ," ಎಂದಳು ಎಲ್ಲರಿಗೂ ಕೇಳುವಂತೆ. ಆಮೇಲೆ ನನ್ನ ಭುಜದ ಮೇಲಿನಿಂದ ಲೈಲ್ ಕಡೆ ನೋಡಿದಳು.

"ಏನೋ, ಸತ್ತವನನ್ನೂ ಬಿಡಲಿಲ್ವಾ? ನಿನ್ನ ಪಾಪ ಅವನ ತಲೆಗೆ ಕಟ್ಟೋಕೆ ಇವಳ ಕಿವಿ ಊದಿದ್ಯಾ? ನೀನೇ ಹೇಳಿದ್ದಾ ಇದನ್ನ? ಎಲ್ಲರ ಮುಂದೆ ಹೇಳು."

ಎಲ್ಲರೂ ನೋಡಿದರು. ಮರಿಸೋಲ್ ಕೂಡ. ನಾನು ಕಣ್ಣಲ್ಲೇ ಬೇಡಿದೆ. ಒಂದು ಹೌದು ಸಾಕಿತ್ತು. ಅವನು ತಟ್ಟೆಯನ್ನು ಮೇಜಿನ ತುದಿಯಲ್ಲಿ ಇಟ್ಟ, ಟೋಪಿ ತೆಗೆದ.

"ಸರಪಳಿ ಸಿಕ್ಕಿಸೋದು ನಾನೇ ಮರೆತದ್ದು," ಎಂದ. "ಅವಳು ದುಃಖದಲ್ಲಿದಾಳೆ. ಬೇಜಾರು ಮಾಡ್ಕೋಬೇಡಿ."

ಹಾಗೆಂದು ತನ್ನ ಹೊಸ ಮನೆಗೆ ನಡೆದು ಹೋಗಿ ಬಾಗಿಲು ಹಾಕಿಕೊಂಡ.

ಅಲ್ಲಿಗೆ ಮುಗಿಯಿತು. ನನಗೆ ತಟ್ಟೆ ತುಂಬ ಬಡಿಸಿ ಕೊಟ್ಟರು. ತಲೆ ಸವರಿದರು. ಪೇಟೆಯಲ್ಲಿ ಮನಸ್ಸಿನ ಡಾಕ್ಟರೊಬ್ಬರು ಬೆಂಕಿ ಸಂತ್ರಸ್ತರನ್ನು ಪುಕ್ಕಟೆ ನೋಡುತ್ತಾರೆ ಎಂದು ಮರಿಸೋಲ್ ಹೇಳಿದಳು. ಅವಳು ನಂಬಿದ್ದಾಳೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಎಂಟು ಮನೆ ಕಟ್ಟಿಸಿದವಳಿಗೆ ಊರ ನಡುವೆ ಇನ್ನೊಂದು ಗೋಡೆ ಬೇಕಿರಲಿಲ್ಲ. ಅವತ್ತಿನಿಂದ ಲೈಲ್‌ನನ್ನು ಊರು ಇನ್ನೂ ಒಂದು ಕೈ ಹೆಚ್ಚಾಗಿಯೇ ದ್ವೇಷಿಸುತ್ತದೆ. ಅದು ಮಾತ್ರ ನನ್ನ ಸತ್ಯದಿಂದ ಆದ ಕೆಲಸ.

ನಾನೀಗ ಮೂರನೆಯ ಮನೆಯಲ್ಲಿದ್ದೇನೆ. ಬೆಳಿಗ್ಗೆ ಜಗಲಿಯಲ್ಲಿ ಕಾಫಿ ಕುಡಿಯುತ್ತೇನೆ. ಎದುರಿಗೆ ಕರಿ ಕೊರಡುಗಳ ಬೆಟ್ಟ, ಅದರ ಬುಡದಲ್ಲಿ ಈಗಷ್ಟೇ ಹಸಿರು. ಕಂಬಗಳ ನಡುವೆ ಹೆಚ್ಚು ಬಿಟ್ಟ ಆ ಒಂದು ಮೊಳ ಖಾಲಿ ಇದೆ. ಲೈಲ್ ಹಾದುಹೋಗುವಾಗ ಟೋಪಿ ಮುಟ್ಟಿಕೊಳ್ಳುತ್ತಾನೆ, ನಿಲ್ಲುವುದಿಲ್ಲ. ಬಾ ಎಂದರೂ ಬರುವುದಿಲ್ಲ. ನನ್ನ ಜಗಲಿಗೆ ಬಂದರೆ ಊರು ಏನೆನ್ನುತ್ತದೆ ಎಂದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತು.

ಹೋದ ವಾರ ಸಂಜೆ ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ ಬೆಂಚಿನ ಹಿತ್ತಾಳೆ ಫಲಕ ಬಿಚ್ಚಿದೆ. ಒಂದು ಸ್ಕ್ರೂ ಹಟ ಹಿಡಿಯಿತು, ಮೀಟಿ ಎಬ್ಬಿಸಿದೆ; ಮರ ಸಿಗಿಯಿತು. ಫಲಕವನ್ನು ಕಸದ ಡಬ್ಬಿಗೆ ಹಾಕಿ ಬಂದು ಮಲಗಿದೆ. ನೆಮ್ಮದಿಯಾಗಿ ನಿದ್ದೆ ಬಂತು.

ಬೆಳಿಗ್ಗೆ ಕಾಫಿ ಹಿಡಿದು ಹೊರಗೆ ಬಂದರೆ ಬೆಂಚಿನ ಬೆನ್ನು ಬಿಸಿಲಿಗೆ ಹೊಳೆಯುತ್ತಿತ್ತು. ಹತ್ತಿರ ಹೋಗಿ ನೋಡಿದೆ. ಯಾರೋ ಫಲಕವನ್ನು ತಿಕ್ಕಿ ತೊಳೆದು ಮತ್ತೆ ಕೂರಿಸಿದ್ದರು. ಮೂರು ಮೂಲೆಗೆ ಸ್ಕ್ರೂ ಹಿಡಿದಿತ್ತು. ಮರ ಸಿಗಿದಿದ್ದ ನಾಲ್ಕನೆಯ ಮೂಲೆಗೆ ಹುಲ್ಲಿನ ಪಿಂಡಿ ಕಟ್ಟುವ ತಂತಿ ಸುತ್ತಿ, ಇಕ್ಕಳದಿಂದ ತಿರುಪಿ ಬಿಟ್ಟಿದ್ದರು.